ರೀಫ್ ಶಾರ್ಕ್ ಮತ್ತು ನಾವು: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಚ್ಚಗಿನ ಸಮುದ್ರಗಳಲ್ಲಿ ಸ್ನಾರ್ಕಲ್ ಹಾಕಿಕೊಂಡು ಹವಳ ನೋಡಲು ಹೊರಟವರು ಮೊದಲು ಕೇಳುವುದು ಶಾರ್ಕ್ ಬಗ್ಗೆ. ಹವಳದ ದಿಬ್ಬಗಳ ಬಗ್ಗೆ ಕಾಳಜಿ ಇರುವವರ ಪ್ರಶ್ನೆಗಳು ಬೇರೆ ಥರದವು. ಎರಡೂ ಬಗೆಯ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇಡೀ ಪುಟ ಓದಬೇಕೆಂದೇನಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

ರೀಫ್ ಶಾರ್ಕ್ ಅಂದರೆ ಯಾವ ಶಾರ್ಕ್?

ಹವಳದ ದಿಬ್ಬಗಳ ಸುತ್ತಮುತ್ತಲೇ ಬದುಕುವ ಕೆಲವು ಜಾತಿಗಳನ್ನು ಒಟ್ಟಾಗಿ ಹೀಗೆ ಕರೆಯುತ್ತಾರೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನಲ್ಲಿ ಮುಖ್ಯವಾಗಿ ಮೂರು ಜಾತಿಗಳಿವೆ: ಬ್ಲ್ಯಾಕ್‌ಟಿಪ್, ವೈಟ್‌ಟಿಪ್ ಮತ್ತು ಗ್ರೇ ರೀಫ್ ಶಾರ್ಕ್. ಅಟ್ಲಾಂಟಿಕ್ ಕಡೆ ಕೆರಿಬಿಯನ್ ರೀಫ್ ಶಾರ್ಕ್ ಇದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಬೆನ್ನಿನ ರೆಕ್ಕೆಯ ತುದಿ ಶಾಯಿಯಲ್ಲಿ ಅದ್ದಿದಂತೆ ಕಪ್ಪಗಿದ್ದು, ಮೊಣಕಾಲುದ್ದದ ನೀರಿನಲ್ಲೂ ಓಡಾಡುತ್ತಿದ್ದರೆ ಅದು ಬ್ಲ್ಯಾಕ್‌ಟಿಪ್. ತೆಳ್ಳಗಿನ ಮೈ, ಮೊಂಡು ಮೂತಿ, ಬೆನ್ನಿನ ರೆಕ್ಕೆ ಮತ್ತು ಬಾಲದ ತುದಿಯಲ್ಲಿ ಬಿಳಿ ಇದ್ದರೆ ವೈಟ್‌ಟಿಪ್. ಇವೆರಡೂ ಸಾಮಾನ್ಯವಾಗಿ ಒಂದೂವರೆ ಮೀಟರ್ ಆಸುಪಾಸು ಬೆಳೆಯುತ್ತವೆ. ಗ್ರೇ ರೀಫ್ ಇನ್ನಷ್ಟು ದಪ್ಪ ಮೈಯದ್ದು, ಬಾಲದ ಹಿಂದಿನ ಅಂಚಿನಲ್ಲಿ ಅಗಲವಾದ ಕಪ್ಪು ಪಟ್ಟಿ ಇರುತ್ತದೆ. ದಿಬ್ಬದ ಹೊರ ಅಂಚಿನಲ್ಲಿ, ಆಳ ಶುರುವಾಗುವ ಕಡೆ, ನೀರಿನ ಸೆಳೆತ ಜಾಸ್ತಿ ಇರುವಲ್ಲಿ ಅದು ಸಿಗುತ್ತದೆ. ಕೆರಿಬಿಯನ್ ರೀಫ್ ಶಾರ್ಕ್ ಈ ಗುಂಪಿನಲ್ಲಿ ದೊಡ್ಡದು, ಮೂರು ಮೀಟರ್‌ವರೆಗೆ ಬೆಳೆಯಬಲ್ಲದು.

ಇವು ಮನುಷ್ಯರನ್ನು ತಿನ್ನುತ್ತವಾ?

ಇಲ್ಲ. ಇವುಗಳ ಊಟ ಮೀನು, ಆಕ್ಟೋಪಸ್, ಏಡಿ, ಸೀಗಡಿ. ನಾವು ಇವುಗಳ ಬೇಟೆಯ ಲೆಕ್ಕದಲ್ಲೇ ಬರುವುದಿಲ್ಲ. ಮನುಷ್ಯರ ಮೇಲಿನ ಗಂಭೀರ ದಾಳಿಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಮೂರು ದೊಡ್ಡ ಶಾರ್ಕ್‌ಗಳ ಹೆಸರು: ಗ್ರೇಟ್ ವೈಟ್, ಟೈಗರ್, ಬುಲ್. ಜಗತ್ತಿನ ಎಲ್ಲ ಜಾತಿಯ ಶಾರ್ಕ್‌ಗಳನ್ನೂ ಸೇರಿಸಿದರೂ, ಕೆಣಕದೇ ಇದ್ದಾಗ ಆದ ಕಡಿತಗಳು ಸಾಮಾನ್ಯವಾಗಿ ವರ್ಷಕ್ಕೆ ನೂರರ ಒಳಗೇ ಇರುತ್ತವೆ. ಪ್ರತಿ ವರ್ಷ ಸಮುದ್ರಕ್ಕೆ ಇಳಿಯುವ ಕೋಟ್ಯಂತರ ಜನರನ್ನು ನೆನೆಸಿಕೊಂಡರೆ ಇದು ಎಷ್ಟು ಕಡಿಮೆ ಅಂತ ಗೊತ್ತಾಗುತ್ತದೆ.

ಹಾಗಂತ ರೀಫ್ ಶಾರ್ಕ್ ಕಚ್ಚುವುದೇ ಇಲ್ಲ ಅಂದರೆ ತಪ್ಪಾಗುತ್ತದೆ. ಕಚ್ಚಿದ ಉದಾಹರಣೆಗಳಿವೆ. ಯಾವ ಸಂದರ್ಭದಲ್ಲಿ ಅನ್ನುವುದು ಮುಖ್ಯ.

ಹಾಗಾದರೆ ಯಾವಾಗ ಕಚ್ಚುತ್ತವೆ?

ಬಹುತೇಕ ಸಲ ಅಲ್ಲಿ ಮೀನು ಇರುತ್ತದೆ. ಈಟಿಯಿಂದ ಮೀನು ಹೊಡೆದು ಸೊಂಟಕ್ಕೆ ಕಟ್ಟಿಕೊಂಡು ಈಜುವವರು, ಕೈಯಲ್ಲಿ ಹಿಡಿದು ತಿನ್ನಿಸುವವರು, ಬಲೆ ಅಥವಾ ಗಾಳಕ್ಕೆ ಸಿಕ್ಕ ಶಾರ್ಕ್ ಬಿಡಿಸಲು ಹೋದವರು ಹೀಗೆ ಕಚ್ಚಿಸಿಕೊಳ್ಳುತ್ತಾರೆ. ಒದ್ದಾಡುವ ಮೀನಿನ ಸದ್ದು ಮತ್ತು ವಾಸನೆ ಶಾರ್ಕ್ ಅನ್ನು ಎಳೆದು ತರುತ್ತವೆ. ಅವಸರದಲ್ಲಿ ಬಾಯಿ ಹಾಕಿದಾಗ ಮೀನು ಯಾವುದು, ತೊಡೆ ಯಾವುದು ಎಂಬ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬ್ಲ್ಯಾಕ್‌ಟಿಪ್‌ನದು ಬೇರೆ ಕಥೆ. ಅದು ತೀರಾ ಕಡಿಮೆ ನೀರಿನಲ್ಲಿ ಬೇಟೆಯಾಡುತ್ತದೆ. ಮೊಣಕಾಲುದ್ದದ ಕಲಕಿದ ನೀರಿನಲ್ಲಿ ಯಾರೋ ಪಚಪಚ ಅಂತ ಕಾಲು ಹಾಕುತ್ತಾ ನಡೆದರೆ, ಕಾಣುವುದು ಬರೀ ಪಾದ, ಮೀನಖಂಡ. ಮೀನು ಅಂದುಕೊಂಡು ಒಮ್ಮೆ ಕಚ್ಚಿ ಬಿಟ್ಟು ಓಡುತ್ತದೆ. ಗಾಯ ಹೆಚ್ಚಾಗಿ ಸಣ್ಣದೇ. ನೀರು ಕಲಕಿದ್ದಾಗ, ಸಂಜೆಗತ್ತಲಲ್ಲಿ ಅಂಥ ಜಾಗದಲ್ಲಿ ನಡೆಯದಿದ್ದರೆ ಸಾಕು.

ಗ್ರೇ ರೀಫ್ ಶಾರ್ಕ್ ಸಿಟ್ಟಾಗುವ ಮೊದಲು ಎಚ್ಚರಿಕೆ ಕೊಡುತ್ತದಂತೆ, ನಿಜವಾ?

ನಿಜ. ನೀರಿಗೆ ಇಳಿಯುವವರು ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಲಿ.

ಮಾಮೂಲಿಯಾಗಿ ಗ್ರೇ ರೀಫ್ ಶಾರ್ಕ್ ನೀಟಾಗಿ, ಸಲೀಸಾಗಿ ಈಜುತ್ತದೆ. ಎದೆಯ ಎರಡು ರೆಕ್ಕೆಗಳು ಪಕ್ಕಕ್ಕೆ ಚಾಚಿರುತ್ತವೆ. ಅದಕ್ಕೆ ಕಿರಿಕಿರಿಯಾದಾಗ ಮೊದಲು ಆ ರೆಕ್ಕೆಗಳು ಕೆಳಕ್ಕೆ ಇಳಿಯುತ್ತವೆ. ಆಮೇಲೆ ಮೂತಿ ಮೇಲೇಳುತ್ತದೆ, ಬೆನ್ನು ಗೂನಾಗುತ್ತದೆ. ಈಜು ಬಿಗಿಯಾಗಿ ಇಡೀ ಮೈ ಅತ್ತಿತ್ತ ದೊಡ್ಡದಾಗಿ ಬಳುಕುತ್ತದೆ. ಕೆಲವು ಸಲ ಎಂಟರ ಆಕಾರದಲ್ಲಿ ಸುತ್ತುತ್ತದೆ. ನಾಯಿ ಹಲ್ಲು ತೋರಿಸಿ ಗುರ್ ಅನ್ನುತ್ತದಲ್ಲ, ಇದೂ ಹಾಗೇ: ‘ಇನ್ನು ಹತ್ತಿರ ಬರಬೇಡ.’ ಮಾತು ಕೇಳದಿದ್ದರೆ ಮಿಂಚಿನಂತೆ ನುಗ್ಗಿ ಒಮ್ಮೆ ಕಚ್ಚಿ ಹೊರಟುಹೋಗುತ್ತದೆ.

ಇಬ್ಬರು ಅಮೆರಿಕನ್ ಸಂಶೋಧಕರು, ರಿಚರ್ಡ್ ಜಾನ್ಸನ್ ಮತ್ತು ಡೊನಾಲ್ಡ್ ನೆಲ್ಸನ್, 1973ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಡೈವರ್ ವೇಗವಾಗಿ ಹತ್ತಿರ ಹೋದಷ್ಟೂ, ಶಾರ್ಕ್‌ಗೆ ತಪ್ಪಿಸಿಕೊಳ್ಳುವ ದಾರಿ ಕಡಿಮೆ ಆದಷ್ಟೂ ಈ ವರ್ತನೆ ಜೋರಾಗುತ್ತದೆ ಎಂದು ಅವರಿಗೆ ಕಂಡಿತು. ಒಂದು ಪಕ್ಕ ಹವಳದ ಗೋಡೆ, ಇನ್ನೊಂದು ಪಕ್ಕ ಡೈವರ್ ಇದ್ದರಂತೂ ಇನ್ನೂ ಜಾಸ್ತಿ. ಆಮೇಲೆ ನೆಲ್ಸನ್ ತಂಡ ಮಾರ್ಷಲ್ ದ್ವೀಪಗಳ ಎನಿವೆಟಾಕ್‌ನಲ್ಲಿ ಒಬ್ಬರೇ ಕೂರುವ ಪುಟ್ಟ ಜಲಾಂತರ್ಗಾಮಿಯಲ್ಲಿ ಗ್ರೇ ರೀಫ್ ಶಾರ್ಕ್‌ಗಳನ್ನು ಬೆನ್ನಟ್ಟಿ ನೋಡಿತು. ಕೆಲವು ಆ ಯಂತ್ರಕ್ಕೇ ಕಚ್ಚಿದವು. ಜಲಾಂತರ್ಗಾಮಿಯನ್ನು ಯಾವ ಶಾರ್ಕೂ ಊಟ ಅಂದುಕೊಳ್ಳುವುದಿಲ್ಲ. ಬೆನ್ನು ಬಿಡದೆ ಕಾಡಿದ್ದಕ್ಕೆ ಅದು ಕಚ್ಚಿದ್ದು.

ನೀವು ಮಾಡಬೇಕಾದದ್ದು ಇಷ್ಟು. ರೆಕ್ಕೆ ಇಳಿದದ್ದು ಕಂಡ ತಕ್ಷಣ ಮುಂದೆ ಹೋಗುವುದನ್ನು ನಿಲ್ಲಿಸಿ. ಕ್ಯಾಮೆರಾ ಕೆಳಗಿಳಿಸಿ. ಶಾರ್ಕ್ ಕಡೆಗೇ ಮುಖ ಮಾಡಿಕೊಂಡು ನಿಧಾನವಾಗಿ ಹಿಂದೆ ಸರಿಯಿರಿ, ಅದು ಆಳದ ಕಡೆ ಹೋಗಲು ಜಾಗ ಬಿಡಿ. ಬಹುತೇಕ ಸಲ ವಿಷಯ ಅಲ್ಲಿಗೇ ಮುಗಿಯುತ್ತದೆ.

ಒಂದು ಹನಿ ರಕ್ತದ ವಾಸನೆ ಮೈಲಿಗಟ್ಟಲೆ ದೂರದಿಂದ ಹಿಡಿಯುತ್ತವಾ? ಮುಟ್ಟಿನ ದಿನಗಳಲ್ಲಿ ನೀರಿಗಿಳಿಯಬಹುದಾ?

ಮೈಲಿಗಟ್ಟಲೆ ಅನ್ನುವುದು ಉತ್ಪ್ರೇಕ್ಷೆ. ಶಾರ್ಕ್ ಮೂಗು ಚುರುಕು, ಸಂಶಯವಿಲ್ಲ. ಆದರೆ ವಾಸನೆ ನೀರಿನಲ್ಲಿ ಹರಿದು ಅದರ ಮೂಗಿನವರೆಗೆ ತಲುಪಬೇಕಲ್ವಾ? ಸೆಳೆತದ ದಿಕ್ಕು ಬೇರೆಯಾದರೆ ಹತ್ತಿರವಿದ್ದರೂ ಗೊತ್ತಾಗುವುದಿಲ್ಲ. ಮೂಗಿಗಿಂತ ಮೊದಲು ಕೆಲಸ ಮಾಡುವುದು ಹೆಚ್ಚಾಗಿ ಕಿವಿ. ಗಾಯಗೊಂಡ ಮೀನು ಒದ್ದಾಡುವ ಕಡಿಮೆ ಕಂಪನದ ಸದ್ದು ದೂರಕ್ಕೆ ಕೇಳಿಸುತ್ತದೆ. ತೀರಾ ಹತ್ತಿರ ಬಂದಾಗ ಮೂತಿಯ ಮೇಲಿನ ಸಣ್ಣ ರಂಧ್ರಗಳು ಬೇಟೆಯ ಮೈಯ ಸೂಕ್ಷ್ಮ ವಿದ್ಯುತ್ತನ್ನು ಗ್ರಹಿಸುತ್ತವೆ. ಮರಳಿನಡಿ ಅವಿತ ಮೀನನ್ನು ಹುಡುಕಿ ತೆಗೆಯುವುದು ಹೀಗೆ.

ಮುಟ್ಟಿನ ದಿನಗಳಲ್ಲಿ ಅಪಾಯ ಹೆಚ್ಚುತ್ತದೆ ಎನ್ನಲು ಆಧಾರ ಇಲ್ಲ. ಆರಾಮಾಗಿ ಇಳಿಯಿರಿ. ಈ ಒಂದು ಭಯದಿಂದ ಎಷ್ಟೋ ಹುಡುಗಿಯರು ದೋಣಿಯಲ್ಲೇ ಕೂತುಬಿಡುತ್ತಾರೆ, ಅದು ನನಗೆ ನಿಜವಾಗಿಯೂ ಬೇಸರ ತರಿಸುತ್ತದೆ.

ಶಾರ್ಕ್ ಈಜುವುದನ್ನು ನಿಲ್ಲಿಸಿದರೆ ಸತ್ತುಹೋಗುತ್ತದಾ?

ಕೆಲವು ಜಾತಿಗಳ ವಿಷಯದಲ್ಲಿ ಹೌದು, ಎಲ್ಲದರದ್ದೂ ಅಲ್ಲ. ವೈಟ್‌ಟಿಪ್ ಹಗಲೆಲ್ಲ ಗುಹೆಯಲ್ಲೋ ಹವಳದ ಚಾಚಿನ ಕೆಳಗೋ ಮರಳಿನ ಮೇಲೆ ಮಲಗಿರುತ್ತದೆ. ಕೆಲವೊಮ್ಮೆ ನಾಲ್ಕೈದು ಒಂದರ ಮೇಲೊಂದು ಒರಗಿಕೊಂಡಿರುತ್ತವೆ. ಅಲುಗಾಡದೆ ಸ್ವಲ್ಪ ದೂರದಲ್ಲೇ ನಿಂತು ನೋಡಿದರೆ ಬಾಯಿ ಸಣ್ಣಗೆ ತೆರೆದು ಮುಚ್ಚುವುದು ಕಾಣುತ್ತದೆ. ಪ್ರತಿ ಸಲವೂ ಕಿವಿರಿನ ಐದು ಸೀಳುಗಳು ಸಾಲಾಗಿ ಅಲ್ಲಾಡುತ್ತವೆ. ಬಾಯಿಂದಲೇ ನೀರನ್ನು ಕಿವಿರಿಗೆ ತಳ್ಳಿ ಉಸಿರಾಡುವ ಬಗೆ ಇದು. ಬೆರಳುದ್ದದ ಕ್ಲೀನರ್ ಮೀನು ಆ ಸೀಳುಗಳ ಹತ್ತಿರ ಬಂದು ಪರೋಪಜೀವಿಗಳನ್ನು ಹೆಕ್ಕುತ್ತಿದ್ದರೂ ಶಾರ್ಕ್ ಸುಮ್ನೆ ಬಿದ್ದಿರುತ್ತದೆ. ಅದರ ಬೆಕ್ಕಿನಂಥ ಕಣ್ಣು ಮಾತ್ರ ನಿಮ್ಮನ್ನೇ ನೋಡುತ್ತಿರುತ್ತದೆ.

ರಾತ್ರಿಯಾದರೆ ಇದೇ ಪ್ರಾಣಿ ಬೇರೆಯೇ ಆಗಿಬಿಡುತ್ತದೆ. ಹವಳದ ಸಂದಿಗೊಂದಿಗಳಿಗೆ ಮೈ ತಿರುಚಿ ನುಗ್ಗಿ ಮಲಗಿದ ಮೀನುಗಳನ್ನು ಎಳೆದು ತರುತ್ತದೆ.

ಆದರೆ ಗ್ರೇ ರೀಫ್ ಹೆಚ್ಚಾಗಿ ಈಜುತ್ತಲೇ ಇರುವ ಜಾತಿ. ಹಾಗಾಗಿ ಶಕ್ತಿ ಉಳಿಸುವ ಉಪಾಯ ಕಂಡುಕೊಂಡಿದೆ. ಫ್ರೆಂಚ್ ಪಾಲಿನೇಷ್ಯಾದ ಫಕರವಾ ದ್ವೀಪದ ದಕ್ಷಿಣ ಕಾಲುವೆಯಲ್ಲಿ ನೀರು ಮೇಲಕ್ಕೆ ತಳ್ಳುವ ಜಾಗಗಳಿವೆ. ಶಾರ್ಕ್‌ಗಳು ಅದರ ಮೇಲೆ ತೇಲುತ್ತಾ, ಬಾಲ ಹೆಚ್ಚು ಆಡಿಸದೆ ಮುಂದೆ ಹೋಗುತ್ತವೆ. ಕೊನೆ ತಲುಪಿದ್ದು ಸೆಳೆತದ ಜೊತೆ ಹಿಂದಕ್ಕೆ ಬಂದು ಮತ್ತೆ ಸಾಲಿಗೆ ಸೇರುತ್ತದೆ. ಇದರಿಂದ ಶೇ. 10ರಿಂದ 15ರಷ್ಟು ಶಕ್ತಿ ಉಳಿಯುತ್ತದೆ ಎಂದು 2021ರ ಒಂದು ಅಧ್ಯಯನ ಅಂದಾಜು ಮಾಡಿದೆ. ಆ ಒಂದೇ ಕಾಲುವೆಯಲ್ಲಿ 700ರವರೆಗೆ ಗ್ರೇ ರೀಫ್ ಶಾರ್ಕ್ ಸೇರುತ್ತವೆ. ಜೂನ್-ಜುಲೈ ಹುಣ್ಣಿಮೆಯ ಹೊತ್ತಿಗೆ ಸಾವಿರಾರು ಗ್ರೂಪರ್ ಮೀನುಗಳು ಮೊಟ್ಟೆಯಿಡಲು ಅಲ್ಲಿಗೆ ಬರುತ್ತವೆ. ಶಾರ್ಕ್‌ಗಳಿಗೆ ಅದು ಹಬ್ಬದೂಟ.

ಶಾರ್ಕ್ ಇಲ್ಲದಿದ್ದರೆ ಹವಳದ ದಿಬ್ಬಕ್ಕೆ ಏನು ನಷ್ಟ?

‘ಶಾರ್ಕ್ ಹೋದರೆ ದಿಬ್ಬವೇ ಸಾಯುತ್ತದೆ’ ಅಂತ ಸರಳವಾಗಿ ಹೇಳುವುದುಂಟು. ವಿಜ್ಞಾನ ಅಷ್ಟು ಸರಳವಾಗಿ ಹೇಳುವುದಿಲ್ಲ. ರೀಫ್ ಶಾರ್ಕ್‌ಗಳು ಆಹಾರ ಸರಪಳಿಯ ತುತ್ತತುದಿಯಲ್ಲೂ ಇಲ್ಲ. ಟೈಗರ್ ಶಾರ್ಕ್‌ನಂಥವು ಇವುಗಳನ್ನೇ ತಿನ್ನುತ್ತವೆ. ದೊಡ್ಡ ಗ್ರೂಪರ್ ಮೀನುಗಳ ಊಟವೂ ಇವುಗಳ ಊಟವೂ ಹೆಚ್ಚುಕಡಿಮೆ ಒಂದೇ.

ಆದರೂ ಇವು ಮಾಡುವ ಕೆಲಸ ದೊಡ್ಡದು. ರೋಗ ಬಂದ, ಗಾಯಗೊಂಡ ಮೀನುಗಳನ್ನು ತೆಗೆಯುತ್ತವೆ. ಇವು ಓಡಾಡುವ ಕಡೆ ಉಳಿದ ಮೀನುಗಳು ಎಲ್ಲಿ ಮೇಯಬೇಕು, ಎಷ್ಟು ಹೊತ್ತು ಮೇಯಬೇಕು ಅನ್ನುವುದೂ ಬದಲಾಗುತ್ತದೆ. ಗೊಬ್ಬರದ ವಿಷಯವೂ ಇದೆ. ಪೆಸಿಫಿಕ್‌ನ ಪಾಲ್ಮೈರಾ ದ್ವೀಪದಲ್ಲಿ ಸುಮಾರು 8,000 ಗ್ರೇ ರೀಫ್ ಶಾರ್ಕ್‌ಗಳಿವೆ ಎಂಬ ಅಂದಾಜಿದೆ. ಅವು ಹೊರಗಿನ ಆಳ ನೀರಿನಲ್ಲಿ ತಿಂದು, ದಿಬ್ಬಕ್ಕೆ ಮರಳಿ ಹಿಕ್ಕೆ ಹಾಕುತ್ತವೆ. ಹೀಗೆ ದಿನಕ್ಕೆ ಸುಮಾರು 95 ಕೆಜಿ ಸಾರಜನಕ ದಿಬ್ಬ ಸೇರುತ್ತದೆ ಎಂದು 2018ರಲ್ಲಿ ಲೆಕ್ಕ ಹಾಕಿದ್ದಾರೆ. ಪೋಷಕಾಂಶ ಕಡಿಮೆ ಇರುವ ತಿಳಿನೀರಿನಲ್ಲಿ ಬೆಳೆಯುವ ದಿಬ್ಬಕ್ಕೆ ಇದು ಸಣ್ಣ ಉಪಕಾರವಲ್ಲ.

ಈಗ ಎಷ್ಟು ಉಳಿದಿವೆ?

ಕಡಿಮೆಯಾಗಿವೆ, ಅದೂ ಗಾಬರಿಯಾಗುವಷ್ಟು. ಗ್ಲೋಬಲ್ ಫಿನ್‌ಪ್ರಿಂಟ್ ಎಂಬ ಯೋಜನೆಯಲ್ಲಿ 58 ದೇಶಗಳ 371 ಹವಳದ ದಿಬ್ಬಗಳಲ್ಲಿ ಕ್ಯಾಮೆರಾ ಮುಂದೆ ಒಂದಿಷ್ಟು ಮೀನು ಕಟ್ಟಿ ನೀರಿಗಿಳಿಸಿ, ಯಾವ ಶಾರ್ಕ್ ಬರುತ್ತದೆ ಎಂದು ಕಾದರು. ಫಲಿತಾಂಶ 2020ರಲ್ಲಿ ಬಂತು. ಐದರಲ್ಲಿ ಸುಮಾರು ಒಂದು ದಿಬ್ಬದಲ್ಲಿ ಒಂದೇ ಒಂದು ಶಾರ್ಕ್ ಕಾಣಲಿಲ್ಲ. ಕೀನ್ಯಾ, ವಿಯೆಟ್ನಾಂ, ಕತಾರ್, ಡೊಮಿನಿಕನ್ ರಿಪಬ್ಲಿಕ್ ಸೇರಿ ಆರು ಪ್ರದೇಶಗಳಲ್ಲಿ 800ಕ್ಕೂ ಹೆಚ್ಚು ಗಂಟೆಗಳ ಚಿತ್ರೀಕರಣದಲ್ಲಿ ಸಿಕ್ಕಿದ್ದು ಮೂರೇ ಮೂರು. 2023ರಲ್ಲಿ ಬಂದ ಮುಂದಿನ ವಿಶ್ಲೇಷಣೆ ಪ್ರಕಾರ ಐದು ಸಾಮಾನ್ಯ ಜಾತಿಗಳ ಸಂಖ್ಯೆ ಮನುಷ್ಯನ ಕೈವಾಡ ಇಲ್ಲದಿದ್ದರೆ ಎಷ್ಟಿರಬೇಕಿತ್ತೋ ಅದಕ್ಕಿಂತ ಶೇ. 60ರಿಂದ 73ರಷ್ಟು ಕಡಿಮೆ.

ಗ್ರೇ ರೀಫ್ ಮತ್ತು ಕೆರಿಬಿಯನ್ ರೀಫ್ ಶಾರ್ಕ್ ಈಗ ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ‘ಅಳಿವಿನಂಚಿನಲ್ಲಿರುವ’ ಜಾತಿಗಳು. ಬ್ಲ್ಯಾಕ್‌ಟಿಪ್, ವೈಟ್‌ಟಿಪ್ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಅಪಾಯದಲ್ಲಿವೆ.

ಮೀನು ಹಿಡಿದರೆ ಮತ್ತೆ ಹುಟ್ಟುತ್ತವಲ್ಲ, ಶಾರ್ಕ್ ಯಾಕೆ ಚೇತರಿಸಿಕೊಳ್ಳುವುದಿಲ್ಲ?

ಮೀನುಗಳ ಹಾಗೆ ಇವು ಲಕ್ಷಗಟ್ಟಲೆ ಮೊಟ್ಟೆ ಇಡುವುದಿಲ್ಲ. ತಾಯಿಯ ಹೊಟ್ಟೆಯಲ್ಲೇ ಮರಿಗಳು ಬೆಳೆಯುತ್ತವೆ, ಅದೂ ಸುಮಾರು ಒಂದು ವರ್ಷ. ಒಂದು ಹೆರಿಗೆಗೆ ಒಂದರಿಂದ ಐದಾರು ಮರಿ, ಅಷ್ಟೇ. ಗ್ರೇ ರೀಫ್ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಮರಿ ಹಾಕುತ್ತದೆ. ಮರಿ ಬೆಳೆದು ತಾಯಿಯಾಗಲು ಹಲವು ವರ್ಷ ಬೇಕು. ಹಾಗಾಗಿ ಒಂದು ದಿಬ್ಬದ ಸುತ್ತ ಕೆಲವು ವಾರ ಗಾಳ ಹಾಕಿದರೆ ಆಗುವ ನಷ್ಟ ತುಂಬಲು ದಶಕಗಳೇ ಹಿಡಿಯಬಹುದು.

ಹಿಡಿಯುವುದು ರೆಕ್ಕೆಗೆ, ಮಾಂಸಕ್ಕೆ. ಬೇರೆ ಮೀನಿಗೆ ಹಾಕಿದ ಬಲೆಯಲ್ಲಿ ಸಿಕ್ಕಿ ಸಾಯುವುದೂ ಬಹಳ. ಇದರಲ್ಲಿ ದಿನದ ಅನ್ನಕ್ಕಾಗಿ ದೋಣಿ ಹತ್ತುವ ಸಣ್ಣ ಮೀನುಗಾರರನ್ನು ಮಾತ್ರ ದೂರುವುದು ನನಗೆ ಒಪ್ಪಿಗೆಯಿಲ್ಲ. ಅವರಿಗೆ ಬದಲಿ ದಾರಿ ತೋರಿಸದ ಯಾವ ಕಾನೂನೂ ಬಹಳ ದಿನ ನಿಲ್ಲುವುದಿಲ್ಲ.

ಕಾನೂನು ಮಾಡಿದರೆ ಪ್ರಯೋಜನ ಇದೆಯಾ?

ಇದೆ. ಪೆಸಿಫಿಕ್‌ನ ದ್ವೀಪರಾಷ್ಟ್ರ ಪಲಾವ್ 2009ರಲ್ಲಿ ತನ್ನ ಇಡೀ ಸಮುದ್ರವನ್ನು ಶಾರ್ಕ್ ಅಭಯಧಾಮ ಎಂದು ಘೋಷಿಸಿತು. ಜಗತ್ತಿನಲ್ಲಿ ಅದೇ ಮೊದಲು. ಮಾಲ್ಡೀವ್ಸ್ 2010ರಲ್ಲಿ ಶಾರ್ಕ್ ಹಿಡಿಯುವುದನ್ನು ನಿಷೇಧಿಸಿತು. ಬಹಾಮಾಸ್ 1993ರಲ್ಲೇ ಸಾವಿರಾರು ಕೊಕ್ಕೆಗಳ ಉದ್ದದ ಗಾಳದ ಸಾಲುಗಳನ್ನು ನಿಲ್ಲಿಸಿತ್ತು, 2011ರಲ್ಲಿ ಶಾರ್ಕ್ ವ್ಯಾಪಾರವನ್ನೂ ನಿಲ್ಲಿಸಿತು. ಫಿನ್‌ಪ್ರಿಂಟ್ ಕ್ಯಾಮೆರಾಗಳಲ್ಲಿ ಶಾರ್ಕ್ ಚೆನ್ನಾಗಿ ಕಂಡ ದೇಶಗಳಲ್ಲಿ ಬಹಾಮಾಸ್, ಮಾಲ್ಡೀವ್ಸ್ ಎರಡೂ ಇದ್ದವು. 2022ರಲ್ಲಿ ರೀಫ್ ಶಾರ್ಕ್‌ಗಳ ಇಡೀ ಕುಟುಂಬವೇ ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿತು. ಅಂದರೆ ಸಂತತಿಗೆ ಧಕ್ಕೆಯಿಲ್ಲ ಎಂದು ತೋರಿಸದೆ ದೇಶದಿಂದ ದೇಶಕ್ಕೆ ಮಾರುವಂತಿಲ್ಲ.

ಬರೀ ಕಾಗದದ ಮೇಲಿನ ಗೆರೆ ಸಾಲದು ಅನ್ನುವುದಕ್ಕೂ ಸಾಕ್ಷಿ ಇದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 2006ರ ಒಂದು ಅಧ್ಯಯನ ನಡೆಯಿತು. ಯಾರೂ ಕಾಲಿಡಬಾರದ ವಲಯಗಳಲ್ಲಿ ಶಾರ್ಕ್ ತುಂಬಿದ್ದವು. ‘ಹೋಗಬಹುದು, ಮೀನು ಹಿಡಿಯಬಾರದು’ ಎಂಬ ವಲಯಗಳಲ್ಲಿ ಮಾತ್ರ ಹಿಡಿಯುವ ಜಾಗಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಕಾವಲು ಇಲ್ಲದ ಕಡೆ ನಿಯಮ ಹೇಗೆ ಸೋರಿಹೋಗುತ್ತದೆ ನೋಡಿ.

ಜೀವಂತ ಶಾರ್ಕ್‌ಗೆ ಲಕ್ಷಗಟ್ಟಲೆ ಡಾಲರ್ ಬೆಲೆ ಅಂತಾರಲ್ಲ, ಅದು ಏನು ಲೆಕ್ಕ?

ಪಲಾವ್‌ನ ಲೆಕ್ಕ ಅದು. ಡೈವಿಂಗ್ ಜಾಗಗಳಲ್ಲಿ ಕಾಣಸಿಗುವ ಒಂದೊಂದು ರೀಫ್ ಶಾರ್ಕ್ ಪ್ರವಾಸೋದ್ಯಮಕ್ಕೆ ವರ್ಷಕ್ಕೆ 1,79,000 ಡಾಲರ್, ಜೀವಮಾನದಲ್ಲಿ 19 ಲಕ್ಷ ಡಾಲರ್ ತರುತ್ತದೆ ಎಂದು ಸಂಶೋಧಕರು ಅಂದಾಜಿಸಿದರು. ಹಿಡಿದು ಮಾರಿದರೆ ಸಿಗುವುದು 108 ಡಾಲರ್. ಇದು ಡೈವರ್‌ಗಳು ಹೋಗುವ ಜಾಗದ ನೂರರಷ್ಟು ಶಾರ್ಕ್‌ಗಳಿಗೆ ಮಾತ್ರ ಹೊಂದುವ ಲೆಕ್ಕ, ಪ್ರವಾಸಿಗಳು ಹೋಗದ ದಿಬ್ಬಕ್ಕೆ ಹೊಂದುವುದಿಲ್ಲ. ಸರ್ಕಾರಗಳನ್ನು ಒಪ್ಪಿಸಲು ಈ ಅಂಕಿ ಬಹಳ ಸಹಾಯ ಮಾಡಿದೆ, ಸಂತೋಷ. ಆದರೆ ದುಡ್ಡು ತರದ ದಿಬ್ಬದ ಶಾರ್ಕ್‌ಗೂ ಬದುಕುವ ಹಕ್ಕು ಅಷ್ಟೇ ಇದೆ ಎಂದು ನಾನು ನಂಬುತ್ತೇನೆ.

ಶಾರ್ಕ್‌ಗೆ ಮೀನು ತಿನ್ನಿಸುವ ಪ್ರವಾಸಕ್ಕೆ ಹೋಗಬಹುದಾ?

ಬಹಾಮಾಸ್, ಫಿಜಿಯಲ್ಲಿ ಇದು ಹಳೆಯ ವ್ಯವಹಾರ. ಹವಾಯಿ, ಫ್ಲಾರಿಡಾ ರಾಜ್ಯಗಳು ತಮ್ಮ ನೀರಿನಲ್ಲಿ ನಿಷೇಧಿಸಿವೆ. ಪರಿಣಾಮ ಎಲ್ಲ ಕಡೆ ಒಂದೇ ಥರ ಇಲ್ಲ. ಕೆಲವು ಕಡೆ ಶಾರ್ಕ್‌ಗಳು ಊಟ ಮುಗಿಸಿ ತಮ್ಮ ಪಾಡಿಗೆ ಹೋಗುತ್ತವೆ. ಕೆಲವು ಕಡೆ ದೋಣಿಯ ಸದ್ದು ಕೇಳಿದ ಕೂಡಲೇ ಸುತ್ತುವರಿಯುತ್ತವೆ.

ನನ್ನ ಅಭಿಪ್ರಾಯ ಕೇಳಿದರೆ, ಕೈಯಿಂದ ತಿನ್ನಿಸುವ ಕಡೆ ಹೋಗಬೇಡಿ. ಅದರಿಂದ ಆಗುವ ಗಾಯಕ್ಕೆ ಕೊನೆಗೆ ಹೆಸರು ಕೆಡುವುದು ಶಾರ್ಕ್‌ನದ್ದೇ. ಕಾಲುವೆಯ ಬಾಯಲ್ಲೋ ಗುಹೆಯ ಹತ್ತಿರವೋ ತಾಳ್ಮೆಯಿಂದ ಕಾದರೆ ಅವು ಅವುಗಳ ಪಾಡಿಗೆ ಬದುಕುವುದನ್ನು ನೋಡಬಹುದು.

ದ್ವೀಪವಾಸಿಗಳು ಶಾರ್ಕ್ ಅನ್ನು ಹೇಗೆ ನೋಡುತ್ತಿದ್ದರು?

ಭಯ ಒಂದೇ ಆಗಿರಲಿಲ್ಲ. ಹವಾಯಿಯಲ್ಲಿ ಕೆಲವು ಮನೆತನಗಳಿಗೆ ಶಾರ್ಕ್ ಕುಲರಕ್ಷಕ. ತೀರಿಕೊಂಡ ಹಿರಿಯರು ಆ ರೂಪದಲ್ಲಿ ಮನೆಯವರನ್ನು ಕಾಯುತ್ತಾರೆ ಎಂಬ ನಂಬಿಕೆ. ಫಿಜಿಯಲ್ಲಿ ದಾಕುವಾಂಗ ಎಂಬ ಶಾರ್ಕ್ ದೇವರಿದ್ದಾನೆ. ಪಪುವಾ ನ್ಯೂಗಿನಿಯ ನ್ಯೂ ಐರ್ಲೆಂಡ್ ದ್ವೀಪದಲ್ಲಿ ತೆಂಗಿನ ಚಿಪ್ಪುಗಳನ್ನು ನೀರಿನಲ್ಲಿ ಗಲಗಲ ಅನ್ನಿಸಿ ಶಾರ್ಕ್ ಕರೆದು ಕುಣಿಕೆಯಲ್ಲಿ ಹಿಡಿಯುವ ಪದ್ಧತಿ ಇದೆ. ಮಾಲ್ಡೀವ್ಸ್‌ನಲ್ಲಿ ಮರದ ದೋಣಿ ಹಾಳಾಗದಿರಲಿ ಎಂದು ಶಾರ್ಕ್ ಎಣ್ಣೆ ಬಳಿಯುತ್ತಿದ್ದರು.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಪೆಸಿಫಿಕ್‌ನ ಕಿರಿಬಾಟಿ ದೇಶದ ಆಯುಧಗಳು. ಅಲ್ಲಿನ ಗಿಲ್ಬರ್ಟ್ ದ್ವೀಪಗಳ ಜನ ಮರದ ಕತ್ತಿ, ಈಟಿಗಳ ಅಂಚಿಗೆ ಶಾರ್ಕ್ ಹಲ್ಲುಗಳನ್ನು ಒಂದೊಂದಾಗಿ ತೂತು ಮಾಡಿ ನಾರಿನಿಂದ ಕಟ್ಟುತ್ತಿದ್ದರು. 19ನೇ ಶತಮಾನದ ಅಂಥ ಆಯುಧಗಳು ಶಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿವೆ. ವಿಜ್ಞಾನಿಗಳು ಆ ಹಲ್ಲುಗಳನ್ನು ಗುರುತಿಸಿ 2013ರಲ್ಲಿ ವರದಿ ಮಾಡಿದರು: ಅದರಲ್ಲಿ ಎರಡು ಜಾತಿಯ ಶಾರ್ಕ್ ಈಗ ಆ ದ್ವೀಪಗಳ ಸುತ್ತ ಕಾಣಸಿಗುವುದೇ ಇಲ್ಲ. ಅವು ಅಲ್ಲಿದ್ದವು ಎಂಬ ನೆನಪೂ ಯಾರಿಗೂ ಇರುತ್ತಿರಲಿಲ್ಲ, ಆ ಹಲ್ಲುಗಳು ಉಳಿಯದೇ ಹೋಗಿದ್ದರೆ.

ಸಮುದ್ರ ಬಿಸಿಯಾಗುತ್ತಿರುವುದು ಇವಕ್ಕೆ ತಟ್ಟುತ್ತದಾ?

ತಟ್ಟುತ್ತಿದೆ. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಲ್ಲಿ ನೂರಕ್ಕೂ ಹೆಚ್ಚು ಗ್ರೇ ರೀಫ್ ಶಾರ್ಕ್‌ಗಳಿಗೆ ಟ್ಯಾಗ್ ಹಾಕಿ ವರ್ಷಗಟ್ಟಲೆ ಗಮನಿಸಿದರು. ನೀರು ಬಿಸಿಯಾಗಿ ದಿಬ್ಬ ಒತ್ತಡಕ್ಕೆ ಸಿಕ್ಕಿದಾಗ ಅವು ಅಲ್ಲಿ ಕಳೆಯುವ ಸಮಯ ಕಡಿಮೆಯಾಯಿತು. 2015-16ರ ಬಿಸಿಯ ನಂತರ ಕೆಲವು ಕಡೆ ಒಂದು ವರ್ಷ ದಾಟಿದರೂ ಮೊದಲಿನಂತಾಗಲಿಲ್ಲ.

ಶಾರ್ಕ್ ಮಾಂಸ ತಿನ್ನಬಹುದಾ?

ಬೇಡ ಎನ್ನುವುದೇ ನನ್ನ ಸಲಹೆ. ಜಾತಿಯ ಉಳಿವಿನ ಮಾತು ಒಂದು ಕಡೆ. ಇನ್ನೊಂದು, ಬೇಟೆಯಾಡಿ ಬದುಕುವ ದೊಡ್ಡ ಮೀನುಗಳಲ್ಲಿ ಪಾದರಸ ಸೇರಿಕೊಂಡಿರುತ್ತದೆ. ಹವಳದ ದಿಬ್ಬದವಾದರೆ ಸಿಗ್ವಟೆರಾ ಎಂಬ ವಿಷವೂ ಇರಬಹುದು. ಬೇಯಿಸಿದರೂ, ಫ್ರೀಜರ್‌ನಲ್ಲಿಟ್ಟರೂ ಅದು ಹೋಗುವುದಿಲ್ಲ. ಗರ್ಭಿಣಿಯರು, ಮಕ್ಕಳು ಖಂಡಿತ ತಿನ್ನಬಾರದು.

ನೀರಿನಲ್ಲಿ ಎದುರಾದರೆ ಏನು ಮಾಡಬೇಕು?

ಗಾಬರಿಯಿಂದ ಕೈಕಾಲು ಬಡಿಯಬೇಡಿ. ನೋಡುತ್ತಾ ಇರಿ, ಅದು ದಾಟಿ ಹೋಗಲಿ. ಬೆನ್ನಟ್ಟಬೇಡಿ, ಮುಟ್ಟಬೇಡಿ. ಮಲಗಿದ ವೈಟ್‌ಟಿಪ್‌ನ ಬಾಲ ಹಿಡಿದು ಎಳೆಯುವವರಿದ್ದಾರೆ, ಕಚ್ಚಿಸಿಕೊಂಡವರೂ ಇದ್ದಾರೆ. ಗುಹೆಯ ಬಾಯಿಗೆ ಅಡ್ಡ ನಿಲ್ಲಬೇಡಿ. ಹೊಳೆಯುವ ಆಭರಣ ದಡದಲ್ಲೇ ಇರಲಿ. ಈಟಿಯಲ್ಲಿ ಮೀನು ಹೊಡೆದಿದ್ದರೆ ಕೂಡಲೇ ದೋಣಿಗೆ ಹಾಕಿ.

ಆದರೂ ಕಚ್ಚಿದರೆ?

ತಕ್ಷಣ ನೀರಿನಿಂದ ಹೊರಗೆ ಬನ್ನಿ. ಸ್ವಚ್ಛ ಬಟ್ಟೆಯಿಂದ ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಪದೇ ಪದೇ ತೆಗೆದು ನೋಡಬಾರದು. ಕೈಕಾಲಿನಿಂದ ರಕ್ತ ಚಿಮ್ಮುತ್ತಾ ಒತ್ತಿದರೂ ನಿಲ್ಲದಿದ್ದರೆ ಗಾಯದ ಮೇಲ್ಭಾಗಕ್ಕೆ ಅಗಲವಾದ ಪಟ್ಟಿ ಬಿಗಿದು, ಕಟ್ಟಿದ ಸಮಯ ಬರೆದಿಡಿ. ಗಾಯಾಳುವನ್ನು ಮಲಗಿಸಿ ಬೆಚ್ಚಗೆ ಹೊದಿಸಿ. ಗಾಯ ಚಿಕ್ಕದಿದ್ದರೂ ವೈದ್ಯರಿಗೆ ತೋರಿಸಲೇಬೇಕು. ಸಮುದ್ರದ ಬ್ಯಾಕ್ಟೀರಿಯಾದಿಂದ ಕೀವಾಗುವ ಸಾಧ್ಯತೆ ಇರುತ್ತದೆ, ಟೆಟನಸ್ ಚುಚ್ಚುಮದ್ದೂ ಬೇಕಾಗಬಹುದು.

ನಾನು ತೆಗೆದ ಫೋಟೋದಿಂದ ಯಾರಿಗಾದರೂ ಉಪಯೋಗ ಇದೆಯಾ?

ಖಂಡಿತ. ಬ್ಲ್ಯಾಕ್‌ಟಿಪ್‌ನ ಬೆನ್ನಿನ ರೆಕ್ಕೆಯಲ್ಲಿ ಕಪ್ಪು ಬಣ್ಣ ಮುಗಿಯುವ ಗೆರೆಯ ಏರಿಳಿತ ಒಂದೊಂದು ಶಾರ್ಕ್‌ಗೂ ಬೇರೆ. ಫ್ರೆಂಚ್ ಪಾಲಿನೇಷ್ಯಾದ ಮೊರೆಯಾ ದ್ವೀಪದಲ್ಲಿ ಸಂಶೋಧಕರು ಹೀಗೆ ಒಂದೊಂದನ್ನೂ ಗುರುತಿಸಿ, ಯಾವ ಶಾರ್ಕ್ ಯಾವುದರ ಜೊತೆ ಹೆಚ್ಚು ಇರುತ್ತದೆ ಎಂದು ಪತ್ತೆ ಮಾಡಿದ್ದಾರೆ. ಅವಕ್ಕೂ ಇಷ್ಟದ ಜೊತೆಗಾರರಿದ್ದಾರೆ. ಫೋಟೋ ತೆಗೆಯುವಾಗ ಬೆನ್ನಿನ ರೆಕ್ಕೆ ಪಕ್ಕದಿಂದ ಪೂರ್ತಿ ಕಾಣುವಂತಿರಲಿ, ಸಾಧ್ಯವಾದರೆ ಎರಡೂ ಬದಿ. ಗಂಡಿಗೆ ಹೊಟ್ಟೆಯ ಹಿಂಭಾಗದ ರೆಕ್ಕೆಗಳ ನಡುವೆ ಎರಡು ಕಡ್ಡಿಯಂಥ ಅಂಗ ಇರುತ್ತದೆ, ಅದು ಕಂಡಿತಾ ಇಲ್ಲವಾ ಬರೆದುಕೊಳ್ಳಿ. ದಿನಾಂಕ, ಜಾಗ, ಆಳ ಸೇರಿಸಿ ಅಲ್ಲಿನ ಡೈವಿಂಗ್ ಕೇಂದ್ರಕ್ಕೆ ಕೊಟ್ಟರೆ, ಆ ಭಾಗದಲ್ಲಿ ಶಾರ್ಕ್ ಎಣಿಸುವವರಿಗೆ ಅವರು ತಲುಪಿಸಬಲ್ಲರು. ಶಾರ್ಕ್ ಕಾಣದೇ ಇದ್ದ ಡೈವ್‌ಗಳನ್ನೂ ಬರೆದು ಕೊಡಿ, ಎಣಿಸುವವರಿಗೆ ಆ ಮಾಹಿತಿಯೂ ಅಷ್ಟೇ ಬೇಕು.